ಮನೆಮಂದಿಯ ನಡುವೆ ಸೆರೆಮನೆಯ ಕಥೆ: ‘ಪ್ಯಾಪಿಲಾನ್’ ಓದಿನ ಜಾನಪದೀಯ ನೆಲೆಗಳು

ಆಧುನಿಕ ಕಾದಂಬರಿಯನ್ನು ಕುರಿತ ವಿಮರ್ಶೆಯ ಬಹುಪಾಲು ಒಂದು ಒಪ್ಪಿತ ಚಿತ್ರದ ಮೇಲೆ ನಿಂತಿದೆ: ಓದುಗನೊಬ್ಬ, ಅವನ ಕೈಯಲ್ಲೊಂದು ಪುಸ್ತಕ, ಸುತ್ತ ಮೌನ. ಮುದ್ರಣದೊಂದಿಗೆ ಬಂದ ಈ ಏಕಾಂತದ ಓದೇ ಕಾದಂಬರಿಯ ಸಹಜ ನೆಲೆಯೆಂದೂ, ಒಟ್ಟಾಗಿ ಕುಳಿತು ಕೇಳುವುದು ಕಾವ್ಯ, ಪುರಾಣ, ಜನಪದ ಕಥೆಗಳಿಗೆ ಸೇರಿದ್ದೆಂದೂ ವಿಂಗಡಿಸಿಬಿಡುವುದು ವಾಡಿಕೆ. ಆದರೆ ಕನ್ನಡದ ಮನೆಗಳಲ್ಲಿ ಕಾದಂಬರಿಯ ಬಾಳು ಅಷ್ಟು ಒಂಟಿಯಾಗಿರಲಿಲ್ಲ. ಶಾಖಾ ಗ್ರಂಥಾಲಯದಿಂದಲೋ ನೆರೆಮನೆಯಿಂದಲೋ ಬಂದ ಪುಸ್ತಕವೊಂದು ಹೊಸ್ತಿಲು ದಾಟಿತೆಂದರೆ ಅದಕ್ಕೆ ಏಕಕಾಲದಲ್ಲಿ ಮೂರು ನಾಲ್ಕು ಮಂದಿ ಓದುಗರು. ಹಗಲು ಒಬ್ಬರ ಕೈಯಲ್ಲಿ, ರಾತ್ರಿ ಇನ್ನೊಬ್ಬರ ಕೈಯಲ್ಲಿ. ಒಬ್ಬರ ಗುರುತಿಗೆ ಬಸ್ಸಿನ ಟಿಕೀಟು, ಇನ್ನೊಬ್ಬರ ಗುರುತಿಗೆ ಮಡಿಸಿದ ಪುಟದ ಮೂಲೆ. ಕಣ್ಣು ಮಂಜಾದ ಹಿರಿಯರಿಗೆ ಊಟದ ಬಳಿಕ ಮೊಮ್ಮಕ್ಕಳು ಓದಿ ಹೇಳಿದಷ್ಟೇ ಪುಸ್ತಕ. ಹೀಗೆ ಹಂಚಿಹೋಗುವ ಓದಿನಲ್ಲಿ ಕೃತಿಯ ಕುತೂಹಲ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಸಾಹಿತ್ಯ ವಿಮರ್ಶೆ ಕೇಳಿದ್ದು ಕಡಿಮೆ. ಜಾನಪದ ಅಧ್ಯಯನಕ್ಕೆ ಮಾತ್ರ ಅದು ಮನೆಯಂಗಳದ ಪ್ರಶ್ನೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಹೆನ್ರಿ ಶಾರಿಯೇರ್‌ನ ‘ಪ್ಯಾಪಿಲಾನ್’ನಷ್ಟು ಒದಗಿಬರುವ ಕೃತಿ ಅಪರೂಪ. ಫ್ರೆಂಚಿನಲ್ಲಿ 1969ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ಪ್ರದೀಪ ಕೆಂಜಿಗೆ ಮತ್ತು ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರು ಕನ್ನಡಕ್ಕೆ ತಂದರು. ಕಾದಂಬರಿಯನ್ನೇ ಓದದವರು ಇದನ್ನು ಓದಿದರು; ಓದಿದವರು ಮನೆಯಲ್ಲಿ ಸುಮ್ಮನಿರಲಿಲ್ಲ. ಆದರೂ ಕನ್ನಡದ ಗಂಭೀರ ವಿಮರ್ಶೆಯಲ್ಲಿ ಈ ಕೃತಿಗೆ ದೊರೆತ ಜಾಗ ಸಣ್ಣದು. ತೇಜಸ್ವಿಯವರ ಸ್ವತಂತ್ರ ಕೃತಿಗಳಾದ ‘ಕರ್ವಾಲೊ’, ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ಗಳ ಬಗೆಗೆ ನಡೆದ ಚರ್ಚೆ ಅವರ ಅನುವಾದಗಳತ್ತ ಹೊರಳುವಾಗ ತೆಳ್ಳಗಾಗುತ್ತದೆ. ರೋಚಕ ಸಾಹಸ ಕಥನ ಎಂಬ ಹಣೆಪಟ್ಟಿ ಹಚ್ಚಿದೊಡನೆ ಹೇಳಬೇಕಾದ್ದು ಮುಗಿಯಿತೆಂಬ ಭಾವನೆ ಅಲ್ಲಿದೆ. ಇದು ಅವಸರದ ತೀರ್ಮಾನ. ರೋಚಕತೆಯೆಂಬುದು ವಿಮರ್ಶೆಯ ಕೊನೆಯ ಮಾತಲ್ಲ, ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಬೇಕಾದ ಮೊದಲ ಮಾತು.

ಕೃತಿ ಹುಟ್ಟಿದ ಬಗೆಯನ್ನು ಇಲ್ಲಿ ನೆನೆಯಬೇಕು. 1906ರಲ್ಲಿ ಫ್ರಾನ್ಸಿನ ಆರ್ದೆಷ್ ಪ್ರಾಂತದಲ್ಲಿ ಹುಟ್ಟಿದ ಶಾರಿಯೇರ್‌ಗೆ 1931ರಲ್ಲಿ ಕೊಲೆಯ ಆಪಾದನೆಯ ಮೇಲೆ ಜೀವಾವಧಿ ಕಠಿಣ ಶಿಕ್ಷೆಯಾಯಿತು. ಆ ಕೊಲೆ ತಾನು ಮಾಡಿದ್ದಲ್ಲವೆಂದು ಅವನು ಕೊನೆಯವರೆಗೂ ಹೇಳಿದ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೈದಿಗಳ ವಸಾಹತಿಗೆ ಅವನನ್ನು ಹಡಗಿನಲ್ಲಿ ಸಾಗಿಸಲಾಯಿತು. ಬ್ರಿಟಿಷರು ಭಾರತೀಯರಿಗೆ ವಿಧಿಸುತ್ತಿದ್ದ ಕರಿನೀರಿನ ಶಿಕ್ಷೆಯನ್ನು ಬಲ್ಲ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾದ ಆ ವಸಾಹತಿಗೆ ಕೈದಿಗಳ ಸಾಗಣೆ ನಿಂತದ್ದು 1938ರಲ್ಲಿ. ಅಲ್ಲಿಂದ ತಪ್ಪಿಸಿಕೊಂಡ ಶಾರಿಯೇರ್ ವೆನೆಜುವೆಲಾದಲ್ಲಿ ನೆಲೆಸಿದ. 1967ರ ಭೂಕಂಪ ಕಾರಾಕಸ್ ನಗರವನ್ನು ನಡುಗಿಸಿದ ದಿನಗಳಲ್ಲಿ ಅವನ ಕೈಗೆ ಆಲ್ಬರ್ತೀನ್ ಸರಾಜಾಂ ಎಂಬ ಲೇಖಕಿಯ ಕಾದಂಬರಿಯೊಂದು ಬಿತ್ತು. ಅದೂ ಸೆರೆಮನೆಯ ಗೋಡೆ ಹಾರಿ ಕಾಲು ಮುರಿದುಕೊಂಡ ಹೆಣ್ಣಿನ ಕಥೆ. ಅದನ್ನು ಓದಿದವನು ತನ್ನದನ್ನೂ ಬರೆಯಬೇಕೆಂದು ಹೊರಟು, ಶಾಲಾ ಮಕ್ಕಳ ನೋಟುಪುಸ್ತಕಗಳನ್ನು ಒಂದಾದ ಮೇಲೊಂದರಂತೆ ತುಂಬಿಸಿದ. ಒಂದು ಸೆರೆಯ ಕಥೆ ಇನ್ನೊಂದನ್ನು ಹೊರಗೆಳೆಯಿತು. ಒಬ್ಬರು ಕಥೆ ಹೇಳಿದರೆ ಪಕ್ಕದಲ್ಲಿದ್ದವರು ‘ನನ್ನದೊಂದಿದೆ, ಕೇಳಿ’ ಎನ್ನುವ ಜಗಲಿಯ ರೂಢಿಯೇ ಇಲ್ಲಿಯೂ ನಡೆದಿದೆ. ಬರಹವೂ ಮಾತಿನ ಧಾಟಿಯದೇ. ವಾಕ್ಯಗಳು ಎದುರಿಗೆ ಕುಳಿತವರನ್ನು ಉದ್ದೇಶಿಸಿದಂತೆ ಓಡುತ್ತವೆ. ಘಟನೆಗಳ ನಡುವೆ ಹೇಳುವವನು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತದೆ.

ಇನ್ನು ಕುತೂಹಲದ ಮಾತು. ‘ಪ್ಯಾಪಿಲಾನ್’ ಉತ್ತಮ ಪುರುಷದಲ್ಲಿ ಹೇಳಿದ ಕಥೆ. ಹೇಳುವವನು ಬದುಕಿ ಉಳಿದಿದ್ದಾನೆ, ಬಿಡುಗಡೆ ಹೊಂದಿದ್ದಾನೆ ಎಂಬುದು ಮೊದಲ ಪುಟದಲ್ಲಿಯೇ ಖಚಿತ. ಶಾರ್ಕುಗಳಿರುವ ಕಡಲಿಗೆ ಅವನು ಧುಮುಕುವಾಗ ಅವನು ಸಾಯಲಾರನೆಂದು ಓದುಗನಿಗೆ ಗೊತ್ತು. ಹಾಗಿದ್ದೂ ಉಸಿರು ಬಿಗಿಹಿಡಿಯುವುದೇಕೆ? ಕುತೂಹಲವೆಂದರೆ ಫಲಿತಾಂಶದ ಅಜ್ಞಾನ ಎಂಬ ವ್ಯಾಖ್ಯೆ ಇಲ್ಲಿ ಉತ್ತರ ಕೊಡದು. ಈ ಉತ್ತರ ಜನಪದ ಕಥನಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಒಂದು. ರಾಯಣ್ಣ ಸೆರೆಸಿಕ್ಕಿದ್ದು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ್ದು ಆ ಸೀಮೆಯ ಎಳೆಯ ಮಗುವಿಗೂ ತಿಳಿದ ಸಂಗತಿ. ಆದರೂ ನಂಬಿದವರೇ ಹಿಡಿದುಕೊಡುವ ಘಟ್ಟಕ್ಕೆ ಹಾಡು ಬಂದಾಗ ಕೇಳುವವರ ಮೈ ಬಿಗಿಯುತ್ತದೆ. ತಾಳಮದ್ದಲೆಯಲ್ಲಿ ಕರ್ಣ ಸಾಯುವನೆಂದು ತಿಳಿದೇ ಜನ ಬೆಳಗಿನವರೆಗೆ ಕುಳಿತಿರುತ್ತಾರೆ. ಅಲ್ಲಿ ಕಾಯುವುದು ‘ಏನಾಗುತ್ತದೆ’ ಎಂಬುದಕ್ಕಲ್ಲ. ‘ಹೇಗಾಗುತ್ತದೆ, ಈ ಸಲ ಹೇಗೆ ಹೇಳುತ್ತಾರೆ’ ಎಂಬುದಕ್ಕೆ. ‘ಪ್ಯಾಪಿಲಾನ್’ನ ಕುತೂಹಲ ಈ ಕುಲಕ್ಕೆ ಸೇರಿದ್ದು. ದೋಣಿ ಎಲ್ಲಿ ಸಿಕ್ಕಿತು, ಹಣವನ್ನು ದೇಹದೊಳಗೆ ಯಾವ ಕೊಳವೆಯಲ್ಲಿ ಅಡಗಿಸಿಟ್ಟುಕೊಂಡ, ಕಾವಲಿನವನ ಕಣ್ಣು ಯಾವ ಗಳಿಗೆಯಲ್ಲಿ ತಪ್ಪಿತು ಎಂಬ ಉಪಾಯದ ವಿವರಗಳೇ ಅದರ ಜೀವಾಳ.

ಈ ಕಾರಣದಿಂದಲೇ ಇಂತಹ ಪುಸ್ತಕ ಮನೆಯಲ್ಲಿ ಹಂಚಿಕೊಂಡರೆ ಕೆಡುವುದಿಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನ ಹೆಸರನ್ನು ಅಣ್ಣ ಬಾಯಿತಪ್ಪಿ ಹೇಳಿಬಿಟ್ಟರೆ ತಂಗಿಗೆ ಪುಸ್ತಕ ಮುಗಿದಂತೆಯೇ. ಸೆರೆಮನೆಯ ಕಥೆಯಲ್ಲಿ ಹಾಗಾಗದು. ಮುಂದಿರುವವರು ಹಿಂದಿರುವವರನ್ನು ‘ಎಲ್ಲಿಗೆ ಬಂತು?’ ಎಂದು ಕೇಳುತ್ತಾರೆ. ‘ಕುಷ್ಠರೋಗಿಗಳ ದ್ವೀಪ’ ಎಂಬ ಉತ್ತರ ಬಂದರೆ ಮುಗುಳ್ನಗುತ್ತಾರೆ, ಆದರೆ ಹೇಳುವುದಿಲ್ಲ. ಈ ನಗೆಯೇ ಒಂದು ಬಗೆಯ ಕಥನ. ತನಗೆ ಗೊತ್ತು, ನಿನಗಿನ್ನೂ ಗೊತ್ತಿಲ್ಲ ಎಂಬ ಸಣ್ಣ ಅಧಿಕಾರ ಇದರಿಂದ ಮನೆಯ ಕಿರಿಯರಿಗೂ ಸಿಗುತ್ತದೆ. ಹಿರಿಯರು ಹೇಳುವುದು, ಕಿರಿಯರು ಕೇಳುವುದು ಎಂಬ ಕಥನದ ರೂಢಿ ಇಲ್ಲಿ ತಲೆಕೆಳಗಾಗಿ, ಹದಿನಾಲ್ಕರ ಹುಡುಗ ಅಜ್ಜನಿಗೆ ಕಥೆಗಾರನಾಗುತ್ತಾನೆ. ಪ್ರದರ್ಶನ ಸಿದ್ಧಾಂತವನ್ನು ಅನುಸರಿಸುವ ಜಾನಪದ ವಿದ್ವಾಂಸರು ಪಠ್ಯಕ್ಕಿಂತ ಸಂದರ್ಭವನ್ನು ಗಮನಿಸಬೇಕೆಂದು ಹೇಳುತ್ತ ಬಂದದ್ದು ಇಂತಹ ಗಳಿಗೆಗಳಿಗಾಗಿಯೇ. ಮುದ್ರಿತ ಕಾದಂಬರಿಗೆ ಆ ಸಿದ್ಧಾಂತ ಅನ್ವಯಿಸದೆಂಬ ಸಂಕೋಚಕ್ಕೆ ಆಧಾರವಿಲ್ಲ.

ಸೆರೆಯ ಕಥೆಯನ್ನು ಹೀಗೆ ಕೂಡಿ ಕೇಳಿದ ಉದಾಹರಣೆಗಳು ಬೇರೆಡೆಯೂ ಇವೆ. ಅಲೆಕ್ಸಾಂಡರ್ ಡ್ಯೂಮಾನ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ 1844ರಿಂದ 1846ರವರೆಗೆ ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಹರಿದುಬಂದ ಕೃತಿ. ಮುಂದಿನ ಕಂತಿಗಾಗಿ ಎಲ್ಲರೂ ಒಟ್ಟಿಗೇ ಕಾಯಬೇಕಾದ್ದರಿಂದ ಯಾರೂ ಯಾರಿಗಿಂತಲೂ ಮುಂದಿರಲಿಲ್ಲ. ಕ್ಯೂಬಾದ ಹವಾನಾದಲ್ಲಿ 1865ರ ಸುಮಾರಿಗೆ ಚುಟ್ಟಾ ಕಾರ್ಖಾನೆಗಳಲ್ಲಿ ಓದುಗನೊಬ್ಬನನ್ನು ಎತ್ತರದ ಪೀಠದ ಮೇಲೆ ಕೂರಿಸಿ, ತಂಬಾಕು ಸುತ್ತುವ ಕಾರ್ಮಿಕರು ಕೈಕೆಲಸದ ನಡುವೆ ಕಾದಂಬರಿಗಳನ್ನು ಕೇಳುವ ಪದ್ಧತಿ ಬೇರೂರಿತು. ಓದುಗನ ಸಂಬಳವನ್ನು ಕಾರ್ಮಿಕರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಅವರ ಅಚ್ಚುಮೆಚ್ಚಿನ ಕೃತಿಗಳಲ್ಲಿ ಡ್ಯೂಮಾನ ಈ ಕಾದಂಬರಿ ಮುಂಚೂಣಿಯಲ್ಲಿತ್ತೆಂಬುದಕ್ಕೆ 1935ರಲ್ಲಿ ಹುಟ್ಟಿದ ‘ಮಾಂಟೆಕ್ರಿಸ್ಟೊ’ ಎಂಬ ಚುಟ್ಟಾದ ಹೆಸರೇ ಇಂದಿಗೂ ಸಾಕ್ಷಿ. ರಾಗಿ ಬೀಸುವಾಗಿನ ಪದ, ನಾಟಿಯ ಹಾಡುಗಳನ್ನು ಬಲ್ಲವರಿಗೆ ಕೈಗೆ ಕೆಲಸ, ಕಿವಿಗೆ ಕಥೆ ಎಂಬ ಈ ಏರ್ಪಾಡು ಹೊಸದಲ್ಲ. ವಿಶೇಷವೆಂದರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಆಸನಕ್ಕೆ ಕಟ್ಟುಬಿದ್ದವರು ಹದಿನಾಲ್ಕು ವರ್ಷ ಕೋಟೆಯೊಳಗೆ ಕೊಳೆತು ಹೊರಬಂದವನ ಕಥೆಯನ್ನು ಆರಿಸಿಕೊಂಡದ್ದು.

ಈ ಆಯ್ಕೆಯ ಮರ್ಮ ‘ಪ್ಯಾಪಿಲಾನ್’ನ ಒಳಗೂ ಇದೆ. ಕೃತಿಯ ಅತ್ಯಂತ ಗಟ್ಟಿಯಾದ ಭಾಗ ಕಡಲ ಪಯಣಗಳದ್ದಲ್ಲ. ಸೇಂಟ್ ಜೋಸೆಫ್ ದ್ವೀಪದ ಏಕಾಂತ ಕೋಣೆಯದು. ಅಲ್ಲಿನ ಕಟ್ಟಳೆ ಮೌನ. ಕೈದಿ ಮಾತಾಡುವಂತಿಲ್ಲ, ಪಕ್ಕದ ಕೋಣೆಗೆ ಸದ್ದು ಮುಟ್ಟಿಸುವಂತಿಲ್ಲ. ತಲೆಯ ಮೇಲಿನ ಸರಳುಗಳ ಆಚೆ ಕಾವಲಿನವರ ಹೆಜ್ಜೆ. ಅವನು ಕೋಣೆಯ ಉದ್ದಕ್ಕೆ ಹೆಜ್ಜೆಯೆಣಿಸಿ ನಡೆಯುತ್ತಾನೆ, ಗೋಡೆ ಬಂದಾಗ ತಿರುಗುತ್ತಾನೆ, ದಣಿದು ಬೀಳುವವರೆಗೆ ನಡೆದು ಆ ದಣಿವಿನಲ್ಲಿ ತನ್ನ ಬಾಲ್ಯಕ್ಕೆ, ತಾಯಿಯ ಬಳಿಗೆ ಹಾರಿಹೋಗುತ್ತಾನೆ. ಹೊರಗಿನ ಗೆಳೆಯರು ಕದ್ದು ಕಳಿಸುವ ತೆಂಗಿನಕಾಯಿಯ ಚೂರು, ಕೆಲವು ಸಿಗರೇಟು ಅವನನ್ನು ಬದುಕಿಸುತ್ತವೆ. ಘಟನೆಯೇ ಇಲ್ಲದ ಈ ಪುಟಗಳು ರೋಚಕ ಕೃತಿಯೊಂದರಲ್ಲಿ ಬೇಸರ ತರಿಸಬೇಕಿತ್ತು. ಗಟ್ಟಿಯಾಗಿ ಓದಿದಾಗ ಮಾತ್ರ ಇವುಗಳ ಬಲ ಗೊತ್ತಾಗುತ್ತದೆ. ಮಾತು ನಿಷಿದ್ಧವಾದ ಜಾಗದ ವರ್ಣನೆ ಮಾತು ತುಂಬಿದ ನಡುಮನೆಯಲ್ಲಿ ಕೇಳಿಸುತ್ತಿದೆ; ಒಂಟಿತನವೇ ಶಿಕ್ಷೆಯಾದವನ ಕಥೆಯನ್ನು ಮೂವರು ಮೈಗೆ ಮೈ ತಾಗಿಸಿ ಕುಳಿತು ಕೇಳುತ್ತಿದ್ದಾರೆ. ಒಬ್ಬನೇ ಮೌನವಾಗಿ ಓದುವಾಗ ಕೋಣೆಯ ಮೌನಕ್ಕೂ ಓದುಗನ ಮೌನಕ್ಕೂ ವ್ಯತ್ಯಾಸ ಕಾಣದು. ಕೇಳುಗರ ನಡುವೆ ಅದು ಎದ್ದು ಕಾಣುತ್ತದೆ.

ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ತಂದು ವಿದ್ವಲ್ಲೋಕಕ್ಕೆ ಪರಿಚಯಿಸಿದ ಕನ್ನಡದ ಜನಪದ ಕಥೆಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ನಿದ್ದೆ ಮಾಡುವಾಗ ತಪ್ಪಿಸಿಕೊಂಡು ಹೊರಬಂದು, ಸೇಡು ತೀರಿಸಿಕೊಳ್ಳಲು ಒಂದು ಗಂಡಸಿನ ಪಾದರಕ್ಷೆಯಾಗಿ, ಇನ್ನೊಂದು ಅಂಗಿಯಾಗಿ ಮನೆಯಲ್ಲಿ ಕಾಣಿಸಿಕೊಂಡವು. ಗಂಡನಿಗೆ ಅನುಮಾನ, ಮನೆಯಲ್ಲಿ ಜಗಳ. ನಿಜ ತಿಳಿದ ಗಂಡ ಆ ಕಥೆಯನ್ನೂ ಹಾಡನ್ನೂ ಕೇಳಿದರೆ ಅವಳಿಗೆ ಅವು ಮರೆತೇಹೋಗಿದ್ದವು. ಹೇಳದ ಕಥೆಯೇ ಇಲ್ಲಿ ಸೆರೆಯಾಳು, ಹೇಳದವರ ಬಾಯಿಯೇ ಸೆರೆಮನೆ. ಅವಳ ಕಥೆ ತಪ್ಪಿಸಿಕೊಂಡು ಹೋಗಿ ಅವಳಿಗೇ ಇಲ್ಲವಾಯಿತು. ಶಾರಿಯೇರ್ ತನ್ನ ಕಥೆಯನ್ನು ಒಳಗೆ ಹೊತ್ತೇ ತಪ್ಪಿಸಿಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಹೊರಗೆ ಸುರಿದ. ಈ ಎರಡನ್ನೂ ಬಲ್ಲವರಿಗೆ, ಮನೆಯಲ್ಲಿ ಪುಸ್ತಕ ಓದಿ ಹೇಳುವ ಕೆಲಸ ಬರಿಯ ಕಾಲಹರಣವೆಂದು ತೋರಲಾರದು.

ಕಥನ ರಚನೆಯ ದೃಷ್ಟಿಯಿಂದಲೂ ಕೃತಿ ಜನಪದ ಕಥೆಗೆ ಹತ್ತಿರ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರ ತನ್ನ ಗ್ರಂಥದಲ್ಲಿ ಅದ್ಭುತ ಕಥೆಗಳ ಕ್ರಿಯಾಘಟಕಗಳನ್ನು ಗುರುತಿಸುವಾಗ ‘ದಾನಿ’ ಪಾತ್ರಕ್ಕೆ ವಿಶೇಷ ಸ್ಥಾನ ಕೊಟ್ಟ. ದಾನಿ ನಾಯಕನನ್ನು ಮೊದಲು ಪರೀಕ್ಷಿಸುತ್ತಾನೆ. ಪರೀಕ್ಷೆಯಲ್ಲಿ ಗೆದ್ದವನಿಗೆ ಮಾಯಾವಸ್ತು ದೊರೆಯುತ್ತದೆ. ಹುಣ್ಣು ತುಂಬಿದ ಅಜ್ಜಿಯ ತಲೆ ಬಾಚಿದ ಹುಡುಗಿಗೆ ಐಶ್ವರ್ಯ ಒಲಿದು, ಮೂಗು ಮುಚ್ಚಿಕೊಂಡವಳಿಗೆ ಕೇಡಾಗುವ ಬಗೆಯ ಕಥೆಗಳು ಲೋಕದ ಅನೇಕ ಭಾಷೆಗಳಲ್ಲಿವೆ. ‘ಪ್ಯಾಪಿಲಾನ್’ನ ಪಾರಿವಾಳ ದ್ವೀಪದಲ್ಲಿ ಕುಷ್ಠರೋಗಿಗಳು ಓಡಿಬಂದ ಕೈದಿಗಳಿಗೆ ಕಾಫಿ ಕೊಡುತ್ತಾರೆ. ಬಟ್ಟಲಿಗೆ ಬೆರಳೊಂದು ಅಂಟಿ ಉಳಿದಿರುವುದು ಕಾಣುತ್ತದೆ. ನಾಯಕ ಹೇಸದೆ ಕುಡಿಯುತ್ತಾನೆ, ದೋಣಿ ದೊರೆಯುತ್ತದೆ. 1973ರ ಚಲನಚಿತ್ರ ಇದೇ ಸನ್ನಿವೇಶವನ್ನು ಕುಷ್ಠರೋಗಿಯ ಬಾಯಿಂದ ಬಂದ ಚುಟ್ಟಾ ಸೇದುವ ದೃಶ್ಯವಾಗಿ ಮಾರ್ಪಡಿಸಿತು. ವಸ್ತು ಬದಲಾದರೂ ಪರೀಕ್ಷೆ ಬದಲಾಗಲಿಲ್ಲ. ಒಂದೇ ಕಥೆಯ ಪಾಠಾಂತರಗಳನ್ನು ಹೋಲಿಸುವಾಗ ಜಾನಪದ ವಿದ್ವಾಂಸರು ಕಾಣುವುದು ಇದನ್ನೇ. ಮನೆಮಂದಿ ಈ ಭಾಗವನ್ನು ಕೇಳುವಾಗ ಪಾರಿಭಾಷಿಕ ಪದಗಳು ಬೇಕಾಗುವುದಿಲ್ಲ. ‘ಕುಡಿದನೇ?’ ಎಂಬ ಪ್ರಶ್ನೆಯೊಂದೇ ಸಾಕು. ‘ಕುಡಿದ’ ಎಂದಾಗ ಬರುವ ಉದ್ಗಾರದಲ್ಲಿ ಅಜ್ಜಿಕಥೆ ಕೇಳಿ ಬೆಳೆದವರ ತೃಪ್ತಿಯಿದೆ.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಇದೆ. ಕೊಲಂಬಿಯಾದ ಸಾಂತಾ ಮಾರ್ತಾದಲ್ಲಿ ಆಶ್ರಯ ಬೇಡಿದವನನ್ನು ಕನ್ಯಾಮಠದ ಹಿರಿಯ ಸಂನ್ಯಾಸಿನಿ ಪೊಲೀಸರಿಗೆ ಒಪ್ಪಿಸುತ್ತಾಳೆ. ಹೇಸಿಗೆ ಹುಟ್ಟಿಸುವ ದೇಹದವನು ದಾನಿ, ಶುಭ್ರ ವಸ್ತ್ರದವಳು ದ್ರೋಹಿ. ಈ ಎದುರುಬದುರು ಜೋಡಣೆ ತೀರಾ ಅಚ್ಚುಕಟ್ಟಾಗಿದೆ ಎಂಬ ಅನುಮಾನ ವಿಮರ್ಶಕರಿಗೆ ಬರಬೇಕು. ಬದುಕು ಇಷ್ಟು ಓರಣವಾಗಿ ಜನಪದ ಕಥೆಯನ್ನು ಅನುಸರಿಸುವುದಿಲ್ಲ.

ಗಟ್ಟಿ ಓದು ಕೃತಿಯ ದೌರ್ಬಲ್ಯವನ್ನೂ ಬಯಲು ಮಾಡುತ್ತದೆ. ಗ್ವಾಹಿರಾ ಬುಡಕಟ್ಟಿನವರ ನಡುವೆ ನಾಯಕ ಕಳೆದ ತಿಂಗಳುಗಳ ವರ್ಣನೆಯನ್ನು ಮಕ್ಕಳು, ಹಿರಿಯರು ಕೂಡಿದ ಜಾಗದಲ್ಲಿ ಯಾರೂ ಇದ್ದಂತೆಯೇ ಓದಲಾರರು. ಅಕ್ಕತಂಗಿಯರಿಬ್ಬರೂ ಅವನ ಪತ್ನಿಯರಾಗುವುದು, ಇಬ್ಬರೂ ಗರ್ಭಿಣಿಯರಾಗಿರುವಾಗ ಅವನು ಅವರನ್ನು ಬಿಟ್ಟು ಹೊರಡುವುದು ಅಲ್ಲಿನ ವಸ್ತು. ಓದುವವರು ಧ್ವನಿ ತಗ್ಗಿಸುತ್ತಾರೆ, ಪುಟ ಹಾರಿಸುತ್ತಾರೆ, ‘ಅಲ್ಲಿ ಸ್ವಲ್ಪ ಕಾಲ ಇದ್ದ’ ಎಂದು ಒಂದು ವಾಕ್ಯದಲ್ಲಿ ದಾಟಿಸುತ್ತಾರೆ. ಕೇಳುಗರನ್ನು ನೋಡಿ ಕಥೆ ಕತ್ತರಿಸುವುದು ಕಥೆಗಾರರ ಹಳೆಯ ಹಕ್ಕು. ಇದನ್ನು ಮಡಿವಂತಿಕೆ ಎಂದಷ್ಟೇ ತಳ್ಳಿಹಾಕಬೇಕಾಗಿಲ್ಲ. ಆದರೆ ಹಾರಿಸಿದ ಪುಟಗಳಲ್ಲಿ ಲಜ್ಜೆಗಿಂತ ದೊಡ್ಡ ತೊಡಕಿದೆ. ಆ ಹೆಂಗಸರಿಗೆ ಕೃತಿಯಲ್ಲಿ ಮಾತೇ ಇಲ್ಲ. ಮೌನದ ಶಿಕ್ಷೆಯನ್ನು ಅಷ್ಟು ತೀವ್ರವಾಗಿ ಬಣ್ಣಿಸಿದವನು ತನ್ನನ್ನು ನಂಬಿದ ಇಬ್ಬರನ್ನು ಅದೇ ಮೌನದಲ್ಲಿ ಬಿಟ್ಟು ಬಂದದ್ದು ಅವನ ಗಮನಕ್ಕೆ ಬರುವುದಿಲ್ಲ. ಬಿಳಿಯ ಪ್ರವಾಸಿಗಳು ‘ಆದಿವಾಸಿ ಸ್ವರ್ಗ’ದ ಬಗೆಗೆ ಕಟ್ಟಿಕೊಂಡ ಹಳಸಲು ಕನಸನ್ನು ಶಾರಿಯೇರ್ ಕಿಂಚಿತ್ತೂ ಮೀರಿಲ್ಲ. ಆ ಭಾಗ ಮನೆಯ ಓದಿನಲ್ಲಿ ಉದುರಿಹೋದರೆ ಕೃತಿಗೆ ಲಾಭವೇ. ಆದರೆ ಅದು ಉದುರಿತೆಂಬುದನ್ನು ಸಂಶೋಧಕರು ದಾಖಲಿಸಬೇಕು.

ಇನ್ನು ಕೃತಿಯನ್ನು ಸುತ್ತಿಕೊಂಡ ದೊಡ್ಡ ವಿವಾದ. ಆತ್ಮಕಥನವೆಂದು ಹೊರಬಂದ ‘ಪ್ಯಾಪಿಲಾನ್’ ಫ್ರಾನ್ಸಿನಲ್ಲಿ ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಮರುವರ್ಷವೇ, 1970ರಲ್ಲಿ, ಅದರ ಸತ್ಯಾಸತ್ಯತೆಯನ್ನು ಪ್ರಶ್ನಿಸುವ ಪುಸ್ತಕಗಳು ಬಂದವು. ದಾಖಲೆಗಳನ್ನು ಪರಿಶೀಲಿಸಿದವರು ಕಂಡದ್ದು: ಶಾರಿಯೇರ್ ಕೈದಿಯಾಗಿದ್ದುದು ನಿಜ, ತಪ್ಪಿಸಿಕೊಂಡದ್ದೂ ನಿಜ, ಆದರೆ ತೆಂಗಿನಕಾಯಿ ತುಂಬಿದ ಚೀಲದ ಮೇಲೆ ತೇಲಿ ಡೆವಿಲ್ಸ್ ದ್ವೀಪದಿಂದ ಪಾರಾದ ಪ್ರಸಿದ್ಧ ಪ್ರಸಂಗಕ್ಕೆ ಆಧಾರವಿಲ್ಲ, ಇನ್ನೂ ಹಲವು ಸಾಹಸಗಳು ಬೇರೆ ಕೈದಿಗಳ ಅನುಭವಗಳು. ಅದೇ ವಸಾಹತಿನಿಂದ ಪಾರಾದ ರೆನೆ ಬೆಲ್ಬೆನುವಾ ಎಂಬಾತನ ಪುಸ್ತಕ 1938ರಲ್ಲಿಯೇ ಪ್ರಕಟವಾಗಿತ್ತು. 2005ರಲ್ಲಿ ಪ್ಯಾರಿಸ್ಸಿನ ಬಳಿಯ ವೃದ್ಧಾಶ್ರಮವೊಂದರಲ್ಲಿದ್ದ, ನೂರು ದಾಟಿದ ಶಾರ್ಲ್ ಬ್ರೂನಿಯೆ ಎಂಬ ಮಾಜಿ ಕೈದಿ, ಮೈಮೇಲೆ ಚಿಟ್ಟೆಯ ಹಚ್ಚೆ ಹೊತ್ತವನು, ನಿಜವಾದ ಪ್ಯಾಪಿಲಾನ್ ತಾನೇ ಎಂದು ಹೇಳಿಕೊಂಡ. ಫ್ರೆಂಚಿನಲ್ಲಿ ಆ ಪದಕ್ಕೆ ಚಿಟ್ಟೆ ಎಂದೇ ಅರ್ಥ. ಚಿಟ್ಟೆಯ ಹಚ್ಚೆ ಅಲ್ಲಿನ ಕೈದಿಗಳಲ್ಲಿ ಒಬ್ಬನ ಸೊತ್ತಾಗಿರಲಿಲ್ಲ.

ಕನ್ನಡದ ಓದುಗರಿಗೆ ಈ ಆಘಾತ ಎರಡು ಬಾರಿ ಒದಗಿತು. ತೇಜಸ್ವಿಯವರು ‘ಮಹಾಪಲಾಯನ’ವೆಂದು ಕನ್ನಡಿಸಿದ ಸ್ಲಾವೋಮಿರ್ ರಾವಿಚ್‌ನ ಪುಸ್ತಕವೂ 1956ರಲ್ಲಿ ಮೂಲದಲ್ಲಿ ಪ್ರಕಟವಾದಂದಿನಿಂದ ಸತ್ಯಕಥೆಯೆಂದೇ ಹೆಸರಾಗಿತ್ತು. ಸೈಬೀರಿಯಾದ ಶಿಬಿರದಿಂದ ಹೊರಟು ಗೋಬಿ ಮರುಭೂಮಿಯನ್ನೂ ಹಿಮಾಲಯವನ್ನೂ ಕಾಲ್ನಡಿಗೆಯಲ್ಲಿ ದಾಟಿ ಭಾರತ ಸೇರಿದೆನೆಂದು ಅವನು ಹೇಳಿಕೊಂಡಿದ್ದ. 2006ರಲ್ಲಿ ಬಿಬಿಸಿ ರೇಡಿಯೋ ಬೆಳಕಿಗೆ ತಂದ ದಾಖಲೆಗಳ ಪ್ರಕಾರ ಅವನನ್ನು 1942ರಲ್ಲಿ ಸೋವಿಯತ್ ಅಧಿಕಾರಿಗಳೇ ಬಿಡುಗಡೆ ಮಾಡಿದ್ದರು. ಎರಡೂ ಪುಸ್ತಕಗಳನ್ನು ಒಂದೇ ಕಪಾಟಿನಲ್ಲಿಟ್ಟುಕೊಂಡ ಮನೆಗಳಲ್ಲಿ ಈ ಸುದ್ದಿಯನ್ನು ಹೊತ್ತು ತರುವವರು ಸಾಮಾನ್ಯವಾಗಿ ಕಿರಿಯರು. ಅದನ್ನು ಒಪ್ಪದವರು ಹಿರಿಯರು. ‘ಅಷ್ಟು ವಿವರ ಸುಳ್ಳು ಹೇಳುವವನಿಗೆ ಹೇಗೆ ಗೊತ್ತಾಗುತ್ತದೆ?’ ಎಂಬುದು ಹಿರಿಯರ ವಾದ. ಕಿರಿಯರ ಬಳಿ ದಾಖಲೆಗಳಿವೆ.

ಈ ವಾಗ್ವಾದವನ್ನು ಓದಿನ ವೈಫಲ್ಯವೆಂದು ತಿಳಿಯಬಾರದು. ಐತಿಹ್ಯವೆಂಬ ಪ್ರಕಾರವನ್ನು ಜೀವನವಿಡೀ ಅಧ್ಯಯನ ಮಾಡಿದ ಲಿಂಡಾ ಡೇಘ್, ನಂಬಿಕೆಯ ಬಗೆಗಿನ ಚರ್ಚೆಯನ್ನೇ ಐತಿಹ್ಯದ ಮುಖ್ಯ ಲಕ್ಷಣವೆಂದು ಗುರುತಿಸಿದರು. ‘ಇದು ನಡೆದದ್ದೇ?’ ಎಂದು ಕೇಳುವ ಒಬ್ಬರು, ‘ನಡೆದದ್ದೇ’ ಎನ್ನುವ ಇನ್ನೊಬ್ಬರು ಇರುವವರೆಗೆ ಐತಿಹ್ಯಕ್ಕೆ ಜೀವ. ಈ ಅರ್ಥದಲ್ಲಿ ‘ಪ್ಯಾಪಿಲಾನ್’ ಆತ್ಮಕಥನವೂ ಅಲ್ಲ, ಶುದ್ಧ ಕಾದಂಬರಿಯೂ ಅಲ್ಲ. ಒಬ್ಬನ ಬಾಯಲ್ಲಿ ಕಟ್ಟುಗೊಂಡ ಇಡೀ ಕೈದಿ ಸಮುದಾಯದ ಐತಿಹ್ಯ. ರಾತ್ರಿ ಬ್ಯಾರಕ್ಕುಗಳಲ್ಲಿ ಸರಪಳಿಯ ಸದ್ದಿನ ನಡುವೆ ಒಬ್ಬರಿಗೊಬ್ಬರು ಹೇಳಿಕೊಂಡ ಪಲಾಯನದ ಕಥೆಗಳು ಒಬ್ಬ ಸಮರ್ಥ ಕಥೆಗಾರನಲ್ಲಿ ಕೂಡಿಕೊಂಡಿವೆ. ವೀರನೊಬ್ಬನ ಸುತ್ತ ಬೇರೆ ವೀರರ ಸಾಹಸಗಳು ಬಂದು ಅಂಟಿಕೊಳ್ಳುವುದು ನಮ್ಮ ಜನಪದ ಮಹಾಕಾವ್ಯಗಳಲ್ಲಿಯೂ ಸಾಮಾನ್ಯ.

ಇಲ್ಲಿಗೆ ನಿಲ್ಲಿಸಿ ಕೃತಿಯನ್ನು ಖುಲಾಸೆಗೊಳಿಸುವುದು ಸುಲಭ. ಜಾನಪದ ವಿದ್ವಾಂಸರು ಬೇಗ ಜಾರಿಬೀಳುವ ಸುಲಭವೂ ಇದೇ. ಮಲೆ ಮಾದೇಶ್ವರನನ್ನು ಹಾಡುವ ಕಂಸಾಳೆಯವರು ಹಾಡಿಗೆ ತಮ್ಮ ಹೆಸರು ಹಾಕಿಕೊಳ್ಳುವುದಿಲ್ಲ. ಹಾಡು ಎಲ್ಲರದು, ಆದ್ದರಿಂದ ಅಲ್ಲಿ ಕಳವು ಎಂಬ ಮಾತಿಗೆ ಅರ್ಥವಿಲ್ಲ. ಶಾರಿಯೇರ್ ಹಾಗೆ ಮಾಡಲಿಲ್ಲ. ಅವನು ‘ನಾನು’ ಎಂದ. ಮುಖಪುಟದಲ್ಲಿ ತನ್ನ ಹೆಸರು ಹಾಕಿದ. ಗೌರವಧನವೂ ಕೀರ್ತಿಯೂ ಅವನೊಬ್ಬನ ಪಾಲಾದವು. ಸಮುದಾಯದ ಕಥನವನ್ನು ಮುದ್ರಣದ ಕಾನೂನಿಗೆ ಒಪ್ಪಿಸಿದ ಗಳಿಗೆಯಲ್ಲಿ ಜನಪದದ ವಿನಾಯಿತಿ ಅವನಿಗೆ ಇಲ್ಲವಾಗುತ್ತದೆ. ಅವನು ಎರವಲು ಪಡೆದ ಅನುಭವಗಳ ಒಡೆಯರಲ್ಲಿ ಅನೇಕರು ಆ ದ್ವೀಪಗಳಿಂದ ಹೊರಬರಲೇ ಇಲ್ಲ. ಪಾರಾಗದವರ ಸಂಕಟ ಪಾರಾದವನ ಸಾಹಸವಾಗಿ ಮಾರ್ಪಟ್ಟಿದೆ ಎಂಬುದು ಈ ಕೃತಿಯ ಮೇಲಿರುವ ನಿಜವಾದ ಆಪಾದನೆ. ಸುಳ್ಳು ಹೇಳಿದನೆಂಬುದು ಅದರ ಮುಂದೆ ಚಿಕ್ಕದು.

ಅನುವಾದಕರು ಈ ಹೊರೆಯನ್ನು ಹೇಗೆ ಹೊರಬೇಕು ಎಂಬುದು ಇನ್ನೊಂದು ಪ್ರಶ್ನೆ. ತೇಜಸ್ವಿಯವರು ಕೆನೆತ್ ಆಂಡರ್ಸನ್‌ನ ಬೇಟೆಯ ಬರಹಗಳನ್ನು ‘ಕಾಡಿನ ಕಥೆಗಳು’ ಆಗಿಸಿದಾಗ ಭಾವಾನುವಾದದ ಹಾದಿ ಹಿಡಿದರು. ಮೂಲವನ್ನು ತಮ್ಮ ಊರಿನ ಜಗಲಿಗೆ ತಂದು ಹೇಳುವುದು ಅವರ ರೀತಿ. ಇಂತಹ ಗದ್ಯಕ್ಕೆ ಗಟ್ಟಿ ಓದು ಹೊಂದುತ್ತದೆ, ಮನೆಮಂದಿಯ ನಡುವೆ ಪುಸ್ತಕ ಸರಾಗವಾಗಿ ಸುತ್ತುತ್ತದೆ. ಆದರೆ ಕಥೆ ಹೀಗೆ ನಮ್ಮದೇ ಆದಷ್ಟೂ ಅದು ಯಾರದಾಗಿತ್ತು ಎಂಬ ವಿಚಾರ ಹಿಂದೆ ಸರಿಯುತ್ತದೆ. ಸತ್ಯಾಸತ್ಯತೆಯ ಈ ಚರಿತ್ರೆಯನ್ನು ವಿವರಿಸುವ ಒಂದು ಹಿನ್ನುಡಿ ಇಂತಹ ಅನುವಾದಗಳ ಮುಂದಿನ ಮುದ್ರಣಗಳಿಗೆ ಬೇಕು. ಓದುಗರ ಸಂತೋಷ ಅದರಿಂದ ಕುಂದುವುದಿಲ್ಲ. ಮನೆಯ ವಾಗ್ವಾದಕ್ಕೆ ಇನ್ನಷ್ಟು ಸರಕು ಸ��ಕ್ಕೀತು.

ಕೊನೆಯ ಪಲಾಯನದ ಪುಟಗಳನ್ನು ಈ ತಿಳಿವಳಿಕೆಯೊಡನೆ ಮತ್ತೆ ಓದಿದಾಗ ಕಣ್ಣು ಹೋಗುವುದು ಬೇರೆಡೆಗೆ. ನಾಯಕ ಡೆವಿಲ್ಸ್ ದ್ವೀಪದಲ್ಲಿ ಹಿಂದೊಮ್ಮೆ ಡ್ರೈಫಸ್ ಕುಳಿತಿದ್ದನೆನ್ನಲಾದ ಕಲ್ಲಿನ ಮೇಲೆ ಕುಳಿತು ಅಲೆಗಳನ್ನು ಎಣಿಸುತ್ತಾನೆ. ಏಳನೆಯ ಅಲೆ ದೊಡ್ಡದೆಂದು ಕಂಡುಕೊಳ್ಳುತ್ತಾನೆ. ಚೀಲವನ್ನು ಅದಕ್ಕೆ ಒಪ್ಪಿಸುತ್ತಾನೆ. ಮೊದಲ ಓದಿನಲ್ಲಿ ಎಲ್ಲರೂ ಎಣಿಸುವುದು ಆ ಅಲೆಗಳನ್ನೇ. ಎರಡನೆಯ ಚೀಲದ ಮೇಲೆ ಸಿಲ್ವೇನ್ ಎಂಬ ಇನ್ನೊಬ್ಬ ಕೈದಿಯಿದ್ದಾನೆ. ಹಗಲಿರುಳು ತೇಲಿ ದಡ ಕಣ್ಣಿಗೆ ಬಿದ್ದಾಗ ಅವನು ತಾಳಲಾರದೆ ಚೀಲ ಬಿಟ್ಟು ಇಳಿಯುತ್ತಾನೆ. ಕೆಳಗಿದ್ದದ್ದು ನೆಲವಲ್ಲ, ಕೆಸರು. ಗೆಳೆಯ ನೋಡುತ್ತಿದ್ದಂತೆಯೇ ಅವನು ಕುಸಿಯುತ್ತ ಹೋಗುತ್ತಾನೆ. ಓದುವವರ ಧ್ವನಿ ಇಲ್ಲಿ ನಿಧಾನವಾಗುತ್ತದೆ; ಪುಸ್ತಕ ಮಾತ್ರ ಕೆಲವೇ ಪುಟಗಳಲ್ಲಿ ಮುಂದಿನ ಸಾಹಸಕ್ಕೆ ದಾಟಿಬಿಡುತ್ತದೆ. ಈ ಪ್ರಸಂಗ ನಡೆದದ್ದು ಶಾರಿಯೇರ್‌ನ ಎದುರಿಗಲ್ಲ ಎಂದು ದಾಖಲೆಗಳು ಹೇಳಬಹುದು. ‘ಹಾಗಾದರೆ ಸಿಲ್ವೇನ್ ಯಾರು?’ ಎಂದು ಕೇಳುವ ಕಿರಿಯ ಕೇಳುಗನೊಬ್ಬ ಯಾವುದಾದರೂ ಮನೆಯಲ್ಲಿ ಇದ್ದೇ ಇರುತ್ತಾನೆ.